ದಿನದ ಓಡಾಟಕ್ಕೆ ಎಷ್ಟು ಎಚ್‌ಪಿ ಬೇಕು?

ಕಾರು ಕೊಳ್ಳಲು ಹೊರಟವರು ಮೈಲೇಜ್ ವಿಚಾರಿಸಿದ ಮೇಲೆ ಕೇಳುವುದು ‘ಪಿಕಪ್ ಹೇಗಿದೆ?’ ಎಂದು. ಈಚೆಗೆ ಉತ್ತರ 120, 150 ಎಚ್‌ಪಿ ಎಂಬ ಅಂಕಿಗಳಲ್ಲಿ ಬರುತ್ತದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೆ ಇದ್ದದ್ದು 40 ಎಚ್‌ಪಿಗೂ ಕಡಿಮೆ. ಮೂರು ದಶಕ ಅದು ಸಂಸಾರಗಳನ್ನು ಹೊತ್ತು ಘಾಟಿ ಹತ್ತಿತು. ಹಾಗೆಂದು ಇವತ್ತಿಗೂ 40 ಸಾಕು ಎಂದು ನಾನು ವಾದಿಸುವುದಿಲ್ಲ. ಆ ಕಾರಿನ ತೂಕ 650 ಕಿಲೊ ಆಸುಪಾಸು; ಏರ್‌ಬ್ಯಾಗ್, ಗಟ್ಟಿ ಬಾಡಿ ಸೇರಿ ಇಂದಿನ ಸಣ್ಣ ಕಾರೇ 900 ಕಿಲೊ ತೂಗುತ್ತದೆ. ಆದರೆ ತೂಕ ಒಂದೂವರೆಪಟ್ಟಾದರೆ ಶಕ್ತಿ ನಾಲ್ಕುಪಟ್ಟು ಏಕೆ ಬೇಕು?

ಲೆಕ್ಕ ಹಾಕಿ ನೋಡೋಣ. ಜನ ಕೂತ ಮೇಲೆ 1,100 ಕಿಲೊ ಆಗುವ ಕಾರು ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಲು ಗೆಲ್ಲಬೇಕಾದ್ದು ಟೈರಿನ ಎಳೆತ ಮತ್ತು ಗಾಳಿಯ ತಡೆ ಎರಡನ್ನೇ. 80 ಕಿ.ಮೀ. ವೇಗಕ್ಕೆ ಚಕ್ರದ ಬಳಿ ಸುಮಾರು 10 ಎಚ್‌ಪಿ ಸಾಕು, 100ಕ್ಕೆ 16–17. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿಯೇ 100. ಇನ್ನು ಊರೊಳಗೆ? ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷ ಹಿಡಿಯುತ್ತಿತ್ತು. ಆ ವೇಗದಲ್ಲಿ 150 ಎಚ್‌ಪಿಯ ಎಂಜಿನ್ನೂ 70ರ ಎಂಜಿನ್ನೂ ಒಂದೇ ಸಿಗ್ನಲ್ಲಿನಲ್ಲಿ ನಿಂತಿರುತ್ತವೆ. ದೊಡ್ಡದು ತುಸು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಅಷ್ಟೆ.

ಕಂಪನಿ ಹೇಳುವ ಎಚ್‌ಪಿ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಸಿಗುವಂಥದ್ದು ಎಂಬುದನ್ನೂ ಗಮನಿಸಬೇಕು. ಈಗಿನ ಸ್ವಿಫ್ಟ್‌ನ ಸುಮಾರು 80 ಎಚ್‌ಪಿ ಹುಟ್ಟುವುದು ನಿಮಿಷಕ್ಕೆ 5,700 ಸುತ್ತಿಗೆ. ನಮ್ಮಲ್ಲಿ ಬಹುತೇಕರು ಎಂಜಿನ್ ಸದ್ದು ಏರುವ ಮೊದಲೇ, 2,000–2,500ರಲ್ಲೇ ಗೇರ್ ಬದಲಿಸುತ್ತಾರೆ. 2,000 ಸುತ್ತಿನಲ್ಲಿ ಆಕ್ಸಿಲರೇಟರ್ ಪೂರಾ ಒತ್ತಿದರೂ ಅಂಥ ಎಂಜಿನ್ ಕೊಡುವುದು 30ರೊಳಗೆ. ಪಿಕಪ್ ಅಂತ ನಾವು ಅನ್ನುವುದು ನಿಜಕ್ಕೂ ಕೆಳಗಿನ ಸುತ್ತಿನ ಟಾರ್ಕ್ ಅನ್ನು. ಬರೀ 42 ಎಚ್‌ಪಿಯ ಎಂಜಿ ಕಾಮೆಟ್ ಎಲೆಕ್ಟ್ರಿಕ್ ಕಾರು ಊರಿನ ಟ್ರಾಫಿಕ್ಕಿನಲ್ಲಿ ಹಿಂದೆ ಬೀಳದಿರುವುದು, ಮೋಟಾರಿನ ಎಳೆತ ನಿಂತಲ್ಲಿಂದಲೇ ಸಿಗುವುದರಿಂದ.

ಘಾಟಿಯ ಮಾತೇನು ಎಂದು ಕೇಳುವವರಿದ್ದಾರೆ. ಐದು ಜನ, ಲಗೇಜು ಸೇರಿ 1,350 ಕಿಲೊ ಎನ್ನಿ. ನೂರು ಅಡಿಗೆ ಹತ್ತು ಅಡಿ ಏರುವ ಕಡಿದಾದ ರಸ್ತೆಯಲ್ಲಿ 40ರ ವೇಗಕ್ಕೆ ಬೇಕಾದ್ದು 23 ಎಚ್‌ಪಿ, ಎಸಿಗೆ ಇನ್ನೊಂದು ಮೂರ್ನಾಲ್ಕು. ಆಗುಂಬೆಯ ತಿರುವುಗಳಲ್ಲಿ ಅದಕ್ಕಿಂತ ಜೋರಾಗಿ ಹೋಗುವುದು ಸಲ್ಲದು. ಅಲ್ಲಿ ‘ಗಾಡಿ ಎಳೀತಿಲ್ಲ’ ಅನ್ನಿಸುವುದು ಹೆಚ್ಚಾಗಿ ಮೂರನೇ ಗೇರಿನಲ್ಲೇ ಒದ್ದಾಡುವುದರಿಂದ. ಎರಡಕ್ಕೆ ಇಳಿಸಿದರೆ ಅದೇ ಎಂಜಿನ್ ಹತ್ತುತ್ತದೆ.

ತೂಕವುಳ್ಳ ಆಕ್ಷೇಪ ಓವರ್‌ಟೇಕಿನದು, ಅದನ್ನು ತಳ್ಳಿಹಾಕಲಾಗದು. ಡಿವೈಡರ್ ಇಲ್ಲದ ಎರಡು ಪಥದ ರಸ್ತೆಯಲ್ಲಿ ಲಾರಿ ದಾಟಲು 60ರಿಂದ 90ಕ್ಕೆ ಏರಬೇಕೆಂದರೆ ಎದುರು ಬದಿಯಲ್ಲಿ ಕಳೆಯುವ ಒಂದೊಂದು ಸೆಕೆಂಡೂ ಅಪಾಯ. ಇಲ್ಲಿ 40 ಎಚ್‌ಪಿ ಸಾಲದು. ಖಾಲಿ ಕಾರಿನ ಟನ್ನಿಗೆ 70–80 ಇದ್ದರೆ ಈ ಕೆಲಸ ಮರ್ಯಾದೆಯಾಗಿ ಆಗುತ್ತದೆ ಎಂಬುದು ನನ್ನ ಅಂದಾಜು. ಅದನ್ನು ದುಪ್ಪಟ್ಟು ಮಾಡಿದರೆ ಉಳಿಯುವುದು ಮೂರ್ನಾಲ್ಕು ಸೆಕೆಂಡು. ಆ ಉಳಿತಾಯ ನೆಚ್ಚಿ, ಜಾಗವಿಲ್ಲದ ಕಡೆ ನುಗ್ಗುವ ಧೈರ್ಯ ಬಂದರೆ ಗಳಿಸಿದ್ದೆಲ್ಲ ಹೋಯಿತು. ಹೆಚ್ಚಿನ ಎಚ್‌ಪಿಗೆ ಸುರಿಯುವ ಲಕ್ಷ ರೂಪಾಯಿಯನ್ನು ಆರು ಏರ್‌ಬ್ಯಾಗ್, ಒಳ್ಳೆಯ ಟೈರು, ಬ್ರೇಕಿಗೆ ಹಾಕುವುದು ಮೇಲು ಎಂದು ನಾನು ಹೇಳುವುದು ಇದಕ್ಕೇ.

ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಫ್ಲೈಓವರಿನ ಏರಿನಲ್ಲಿ 30ರ ವೇಗದಿಂದ ಆಕ್ಸಿಲರೇಟರ್ ಒತ್ತಿ ನೋಡಿ. ಅಲ್ಲಿ ಸಲೀಸಾಗಿ ಎಳೆಯುವ ಕಾರಿನ ಎಚ್‌ಪಿ 70 ಇದ್ದರೂ ಅಂಜದೆ ಕೊಳ್ಳಬಹುದು.