ಹಾಲುಹಲ್ಲಿನ ಸಾಕ್ಷಿ

ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ಚೆಲ್ಸಿ ಮತ್ತು ಸಾಮರ್‌ವಿಲ್ ಪಟ್ಟಣಗಳ ಶಾಲಾಮಕ್ಕಳಿಂದ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸತೊಡಗಿದರು. ಹಲ್ಲಿನೊಳಗೆ ಅವರು ಹುಡುಕುತ್ತಿದ್ದುದು ಸೀಸವನ್ನು. ರಕ್ತಕ್ಕೆ ಸೇರಿದ ಸೀಸ ಕೆಲವು ವಾರಗಳಲ್ಲಿ ಇಳಿಯುತ್ತ ಹೋಗುತ್ತದೆ. ಎರಡನೇ ವಯಸ್ಸಿನಲ್ಲಿ ಮಗು ಏನು ನುಂಗಿತ್ತು ಎಂಬುದನ್ನು ಏಳನೇ ವಯಸ್ಸಿನಲ್ಲಿ ತೆಗೆದ ರಕ್ತ ಹೇಳಲಾರದು. ಹಲ್ಲಿನಲ್ಲಿ ಸೇರಿಕೊಂಡ ಸೀಸವಾದರೋ ಅಲ್ಲೇ ಉಳಿದಿರುತ್ತದೆ.

ಈ ಮಕ್ಕಳು ತರಗತಿಯಲ್ಲಿ ಹೇಗಿರುತ್ತಾರೆ ಎಂದು ನೀಡಲ್‌ಮನ್ ಶಿಕ್ಷಕರನ್ನೂ ಕೇಳಿದರು. ಯಾರ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂಬುದು ಶಿಕ್ಷಕರಿಗೆ ತಿಳಿದಿರಲಿಲ್ಲ. 1979ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಸೀಸದ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ‘ಗಮನ ನಿಲ್ಲುವುದಿಲ್ಲ’, ‘ಕೂತಲ್ಲಿ ಕೂರುವುದಿಲ್ಲ’, ‘ಹೇಳಿದ್ದನ್ನು ಪೂರ್ತಿ ಮಾಡುವುದಿಲ್ಲ’ ಎಂಬಂಥ ದೂರುಗಳೂ ಏರಿದ್ದವು. ಇವರಲ್ಲಿ ಯಾರೂ ಸೀಸದ ವಿಷಬಾಧೆಯಿಂದ ಆಸ್ಪತ್ರೆ ಸೇರಿದವರಲ್ಲ, ನೋಡುವವರ ಕಣ್ಣಿಗೆ ಎಲ್ಲರೂ ಆರೋಗ್ಯವಂತರೇ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು ಇದಾದ ಎಷ್ಟೋ ಕಾಲಕ್ಕೆ, 1987ರಲ್ಲಿ.

ಎಡಿಎಚ್‌ಡಿ ಬಹುಮಟ್ಟಿಗೆ ವಂಶದಲ್ಲಿ ಹರಿದುಬರುವಂಥದ್ದು. ಮಕ್ಕಳ ನಡುವಿನ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ಅನುವಂಶೀಯತೆಗೆ ಸಲ್ಲುತ್ತದೆ ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಉಳಿದ ಪಾಲಿಗೆ ಕಾರಣ ಹುಡುಕುತ್ತ ಹೊರಟವರು ದೊಡ್ಡದೊಂದು ಪಟ್ಟಿಯನ್ನೇ ಮಾಡಿದ್ದಾರೆ: ತಾಯಿಯ ಧೂಮಪಾನ, ಬಸಿರಿನಲ್ಲಿ ನುಂಗಿದ ಪ್ಯಾರಾಸಿಟಮಾಲ್, ಕೀಟನಾಶಕ, ತಿಂಡಿಯ ಬಣ್ಣ, ಸೀಸ. ‘ನಂಟಿದೆ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ತಾಯಂದಿರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಆದರೆ ಎರಡು ಸಂಗತಿಗಳು ಜೊತೆಜೊತೆಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆರೋಪಿಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪು.

ಧೂಮಪಾನವನ್ನೇ ನೋಡಿ. ಬಸಿರಿನಲ್ಲಿ ಸಿಗರೇಟು ಸೇದಿದ ತಾಯಂದಿರ ಮಕ್ಕಳಲ್ಲಿ ಎಡಿಎಚ್‌ಡಿ ಹೆಚ್ಚು ಎಂದು ಅನೇಕ ಅಧ್ಯಯನಗಳು ತೋರಿಸಿದ್ದವು. ಸ್ವೀಡನ್ನಿನ ಸಂಶೋಧಕರು 2014ರಲ್ಲಿ ಸುಮಾರು ಎಂಟು ಲಕ್ಷ ಮಕ್ಕಳ ದಾಖಲೆ ತೆಗೆದು, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದರು. ತಾಯಿ ಒಂದು ಬಸಿರಿನಲ್ಲಿ ಸೇದಿ ಇನ್ನೊಂದರಲ್ಲಿ ಬಿಟ್ಟಿದ್ದರೆ ಇಬ್ಬರು ಮಕ್ಕಳಲ್ಲಿ ವ್ಯತ್ಯಾಸ ಕಾಣಬೇಕಲ್ಲ? ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಸಿಗರೇಟು ಬಿಡಲಾಗದ ಸ್ವಭಾವವೂ ಮಗುವಿನ ಚಾಂಚಲ್ಯವೂ ಒಂದೇ ಕುಟುಂಬದ ಬೇರಿನಿಂದ ಬಂದಿರಬಹುದು. 2024ರಲ್ಲಿ ಸ್ವೀಡನ್ನಿನದೇ ಸುಮಾರು 25 ಲಕ್ಷ ಮಕ್ಕಳ ಅಧ್ಯಯನದಲ್ಲಿ ಪ್ಯಾರಾಸಿಟಮಾಲ್‌ಗೂ ಹೀಗೇ ಆಯಿತು: ಒಡಹುಟ್ಟಿದವರನ್ನು ಹೋಲಿಸಿದ ಕೂಡಲೇ ನಂಟು ಕಳಚಿಕೊಂಡಿತು. ಹಾಗಿದ್ದರೂ ಬಸುರಿಯರು ಧೂಮಪಾನ ಮಾಡಬಾರದು ಎಂಬುದಕ್ಕೆ ಮಗುವಿನ ತೂಕ, ಉಸಿರಾಟದಂಥ ಬೇರೆ ಕಾರಣಗಳು ಬೇಕಾದಷ್ಟಿವೆ.

ತಿಂಡಿಯ ಬಣ್ಣದ ವಿಚಾರದಲ್ಲಿ ನೇರ ಪ್ರಯೋಗವೇ ಸಾಧ್ಯವಾಯಿತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ ಸುಮಾರು 300 ಮಕ್ಕಳಿಗೆ ಕೆಲವು ವಾರ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ ಬೆರೆಸಿದ ಪಾನೀಯವನ್ನೂ, ಕೆಲವು ವಾರ ಅದೇ ರುಚಿಯ ಬೆರಕೆಯಿಲ್ಲದ ಪಾನೀಯವನ್ನೂ ಕೊಟ್ಟಿತು. ಯಾವಾಗ ಯಾವುದು ಎಂಬುದು ಮಕ್ಕಳಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. 2007ರಲ್ಲಿ ಬಂದ ಉತ್ತರ: ಚಾಂಚಲ್ಯ ಸ್ವಲ್ಪ ಹೆಚ್ಚುತ್ತದೆ, ಆದರೆ ಎಲ್ಲ ಮಕ್ಕಳಲ್ಲೂ ಅಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಸೇರಿದಂತೆ ಆರು ಬಣ್ಣಗಳಿರುವ ತಿನಿಸಿನ ಮೇಲೆ ಐರೋಪ್ಯ ಒಕ್ಕೂಟ 2010ರಿಂದ ಎಚ್ಚರಿಕೆಯ ಸಾಲು ಕಡ್ಡಾಯ ಮಾಡಿದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಮುಖ್ಯ ಆತಂಕವಿದ್ದುದು ರೋಡಮೀನ್-ಬಿ ಎಂಬ ಬಣ್ಣದ ಕುರಿತು. ಆದರೆ ತಪಾಸಣೆಯಲ್ಲಿ ಈ ಎರಡು ಹಳದಿಗಳೂ ಸಿಕ್ಕಿದ್ದವು.

ಕೀಟನಾಶಕಗಳ ಮೇಲಿನ ಅನುಮಾನ ಇನ್ನೂ ಗಟ್ಟಿ. ಆರ್ಗನೊಫಾಸ್ಫೇಟ್ ಗುಂಪಿನ ಔಷಧಿಗಳು ಹುಳವನ್ನು ಕೊಲ್ಲುವುದೇ ಅದರ ನರಮಂಡಲ ಕೆಡಿಸಿ. ಕ್ಯಾಲಿಫೋರ್ನಿಯಾದ ತರಕಾರಿ ಬಯಲು ಸಲಿನಾಸ್‌ನಲ್ಲಿ ಕೃಷಿಕಾರ್ಮಿಕ ಕುಟುಂಬಗಳ ಬಸುರಿಯರ ಮೂತ್ರದಲ್ಲಿ ಇವುಗಳ ಅವಶೇಷ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಅವಶೇಷ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಐದನೇ ವಯಸ್ಸಿಗೆ ಗಮನದ ತೊಂದರೆಗಳು ಹೆಚ್ಚಾಗಿ ಕಂಡವು. ಇಲ್ಲಿ ಸೋಂಕಿದ್ದು ಮೊದಲು, ತೊಂದರೆ ನಂತರ. ಕಾರಣ ಎನ್ನಲು ಆ ಕ್ರಮ ಬೇಕೇ ಬೇಕು.

ಈ ಸಾಲಿನಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಸೀಸದ ವಿರುದ್ಧವೇ. ಮಕ್ಕಳಿಗೆ ಸೀಸ ತಿನ್ನಿಸಿ ಪ್ರಯೋಗ ಮಾಡುವಂತಿಲ್ಲ. ಆದರೆ ಪ್ರಾಣಿಗಳಿಗೆ ಕೊಟ್ಟಾಗ ಅವು ದುಡುಕುತನ ತೋರಿವೆ. ಒಳಗಿನ ಕೆಲಸವೂ ಗೊತ್ತಿದೆ: ದೇಹ ಕ್ಯಾಲ್ಸಿಯಂಗೆಂದು ತೆರೆದಿಟ್ಟ ಬಾಗಿಲಲ್ಲಿ ಸೀಸ ನುಸುಳಿ, ಮಿದುಳಿನ ನರಕೋಶಗಳ ನಡುವಿನ ಸಂದೇಶ ಕೆಡಿಸುತ್ತದೆ. 2016ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೋಯಲ್ ನಿಗ್ ಮತ್ತು ಸಂಗಡಿಗರು ಇನ್ನೊಂದು ಜಾಣ ಪರೀಕ್ಷೆ ಮಾಡಿದರು. ದೇಹ ಕಬ್ಬಿಣವನ್ನು ಹೀರುವುದನ್ನು ನಿಯಂತ್ರಿಸುವ ಎಚ್‌ಎಫ್‌ಇ ಎಂಬ ಜೀನ್‌ನ ಒಂದು ಬಗೆಯಿದ್ದ ಮಕ್ಕಳಲ್ಲಿ ಸೀಸಕ್ಕೂ ಅತಿಚಟುವಟಿಕೆಗೂ ಇರುವ ನಂಟು ಹೆಚ್ಚು ಬಲವಾಗಿತ್ತು. ಜೀನ್ ಹಂಚಿಕೆಯಾಗುವುದು ಬಡತನ, ಶಿಕ್ಷಣ ನೋಡಿ ಅಲ್ಲ. ಹಾಗಾಗಿ ‘ಬಡತನದ ಪರಿಣಾಮವನ್ನು ಸೀಸದ ತಲೆಗೆ ಕಟ್ಟಿದ್ದೀರಿ’ ಎಂಬ ಆಕ್ಷೇಪ ದುರ್ಬಲವಾಯಿತು. ಅನುವಂಶೀಯತೆ ಮತ್ತು ಪರಿಸರವನ್ನು ಎದುರಾಳಿಗಳಂತೆ ನಿಲ್ಲಿಸುವುದು ಸರಿಯಲ್ಲ ಎಂಬುದೂ ಇದರಿಂದ ತಿಳಿಯಿತು.

ನಮಗೆ ಇದು ದೂರದ ಮಾತಲ್ಲ. ಭಾರತದಲ್ಲಿ ಸೀಸರಹಿತ ಪೆಟ್ರೋಲ್ ದೇಶವ್ಯಾಪಿಯಾದದ್ದು 2000ದಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ತುಪ್ಪಿಲ್ ವೆಂಕಟೇಶ್ ಅವರಂಥವರು ದಶಕಗಳ ಕಾಲ ಈ ಬಗ್ಗೆ ಎಚ್ಚರಿಸುತ್ತ ಬಂದರು. ಮನೆ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಆದರೂ ಹಳೇ ಬಣ್ಣದ ಪುಡಿ, ಓಣಿಗಳಲ್ಲಿ ಬ್ಯಾಟರಿ ಒಡೆದು ಕರಗಿಸುವ ಕೆಲಸ, ಹೊಳಪಿಗೆ ಲೆಡ್ ಕ್ರೋಮೇಟ್ ಎಂಬ ಸೀಸದ ಸಂಯುಕ್ತ ಬೆರೆಸಿದ ಅರಿಶಿನ ಉಳಿದಿವೆ. ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸವಿದೆ ಎಂದು 2020ರಲ್ಲಿ ಯುನಿಸೆಫ್ ವರದಿ ಅಂದಾಜಿಸಿತು. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ಮಗುವಿನ ದೇಹ ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ.

ಹಾಗೆಂದು ಎಡಿಎಚ್‌ಡಿ ಇರುವ ಮಗುವನ್ನು ತೋರಿಸಿ ‘ಇದು ಸೀಸದಿಂದಲೇ’ ಎನ್ನಲಾಗದು. ಇಂಥ ಲೆಕ್ಕ ಹೊಂದುವುದು ಜನಸಮೂಹಕ್ಕೆ. ಚಿಕಿತ್ಸೆಯಿಂದ ಸೀಸ ತೆಗೆದು ಹಾನಿ ಸರಿಪಡಿಸೋಣ ಎಂದರೆ ಅದೂ ಆಗಲಿಲ್ಲ. ಅಮೆರಿಕದಲ್ಲಿ 780 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಸಕ್ಸಿಮರ್ ಎಂಬ ಔಷಧ ರಕ್ತದ ಸೀಸವನ್ನು ಇಳಿಸಿತು. ಬುದ್ಧಿ, ನಡವಳಿಕೆಯ ಪರೀಕ್ಷೆಗಳಲ್ಲಿ ಮಾತ್ರ ಯಾವ ಲಾಭವೂ ಕಾಣಲಿಲ್ಲ.

ಆದ್ದರಿಂದ ತಡೆಯಬೇಕಾದ್ದು ಮಗುವಿನ ಬಾಯಿ ಸೇರುವ ಮುನ್ನವೇ. ಅದು ಕೈಲಾಗದ ಕೆಲಸವಲ್ಲ ಎಂಬುದಕ್ಕೆ ಬಾಂಗ್ಲಾದೇಶ ಸಾಕ್ಷಿ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇ 47ರಷ್ಟರಲ್ಲಿ ಸೀಸ ಪತ್ತೆಯಾಗಿತ್ತು. ಸಂಶೋಧಕರು ಸುದ್ದಿ ಹಬ್ಬಿಸಿದರು, ಅಧಿಕಾರಿಗಳು ಮಾರುಕಟ್ಟೆಗೆ ಇಳಿದು ಪರೀಕ್ಷಿಸಿ ದಂಡ ಹಾಕಿದರು. 2021ರಲ್ಲಿ ಮತ್ತೆ ಪರೀಕ್ಷಿಸಿದಾಗ ಸೀಸವಿದ್ದ ಒಂದು ಮಾದರಿಯೂ ಸಿಗಲಿಲ್ಲ.