ಆಫೀಸ್ ಸರ್ವರ್ ಫುಲ್ ಆಯ್ತಾ? ಸಿಬ್ಬಂದಿಯ ಫೈಲ್ ಡಿಲೀಟ್ ಮಾಡೋ ಮೊದಲು ಇದನ್ನ ಓದಿ

ಸಾಗರ / ಹೊಸನಗರ / ತೀರ್ಥಹಳ್ಳಿ: ಅಡಿಕೆ ತಂದ ಬೆಳೆಗಾರರು ಮಂಡಿಯಲ್ಲಿ ಕಾಯ್ತಾ ಕೂತಿದ್ದಾರೆ. ತೂಕ ಆಗಿದೆ, ದರ ಬರೆದಾಗಿದೆ. ಪಟ್ಟಿ ಪ್ರಿಂಟ್ ಕೊಟ್ಟರೆ ಕಂಪ್ಯೂಟರ್ ಮುಂದೆ ಹೋಗ್ತಿಲ್ಲ. ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಮೂಲೆಯಲ್ಲಿ ಸಣ್ಣದೊಂದು ಸಂದೇಶ. "ಈ ಮಷಿನ್ ತಂದು ಎರಡು ವರ್ಷ ಆಗಿಲ್ಲ, ಇಷ್ಟು ಬೇಗ ಹೆಂಗೆ ತುಂಬ್ತು?" ಅಂತ ಮಾಲೀಕರು ರೇಗ್ತಾರೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ತಲೆ ತಗ್ಗಿಸ್ತಾನೆ.

ಮಂಡಿ ಅಂತಲ್ಲ, ಸೊಸೈಟಿ, ಆಡಿಟರ್ ಆಫೀಸು, ಫೋಟೋ ಸ್ಟುಡಿಯೋ, ಡಿಟಿಪಿ ಸೆಂಟರ್, ಶಾಲೆಯ ಕಚೇರಿ, ಹೀಗೆ ಮೂರ್ನಾಲ್ಕು ಕಂಪ್ಯೂಟರ್ ಸೇರಿಸಿ ಒಂದೇ ಕಡೆ ಫೈಲ್ ಇಡುವ ಎಲ್ಲ ಕಡೆ ಇದು ಒಂದಲ್ಲ ಒಂದು ದಿನ ಬರುವ ತಾಪತ್ರಯ. ನಮ್ಮ ಕಡೆ ಸರ್ವರ್ ಅಂದ್ರೆ ದೊಡ್ಡ ಯಂತ್ರವೇನೂ ಅಲ್ಲ. ಎಷ್ಟೋ ಕಡೆ ಅದು ಟೇಬಲ್ ಕೆಳಗೆ ಕೂತಿರುವ, ಯಾವತ್ತೂ ಆಫ್ ಮಾಡದ ಹಳೇ ಡೆಸ್ಕ್‌ಟಾಪ್. ಇನ್ನು ಕೆಲವು ಕಡೆ ಎರಡು ಹಾರ್ಡ್‌ಡಿಸ್ಕ್ ಹಾಕಿದ ಎನ್‌ಎಎಸ್ ಅನ್ನೋ ಪುಟ್ಟ ಡಬ್ಬ. ಎಲ್ಲರಿಗೂ ಅದರೊಳಗೆ ಒಂದು ಶೇರ್ಡ್ ಫೋಲ್ಡರ್.

ಮಲೆನಾಡಿನ ಮನೆಯ ಅಟ್ಟ ಇದ್ದ ಹಾಗೆ ಅದು. ಬೇಡವಾದ್ದು, ಬೇಕಾಗಬಹುದು ಅನ್ನಿಸಿದ್ದು, ಯಾರದ್ದು ಅಂತ ಗೊತ್ತಿಲ್ಲದ್ದು ಎಲ್ಲವೂ ಮೇಲಕ್ಕೆ ಹೋಗುತ್ತೆ. ಕೆಳಗೆ ಇಳಿಸೋರು ಯಾರೂ ಇಲ್ಲ.

ಟೊಯೋಟಾಕ್ಕೂ ಬಂದಿತ್ತು ಇದೇ ಕಷ್ಟ

ಇದು ಸಣ್ಣ ಆಫೀಸಿನ ಅಶಿಸ್ತು ಮಾತ್ರ ಅಂದುಕೊಳ್ಳಬೇಡಿ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೋಟಾ ಕಂಪನಿಯ 14 ಕಾರ್ಖಾನೆಗಳಲ್ಲಿ ಕೆಲಸ ನಿಂತುಹೋಯಿತು. ನಮ್ಮ ಬಿಡದಿಯಲ್ಲೂ ಘಟಕ ಇರುವ ಅದೇ ಕಂಪನಿ. ಸೈಬರ್ ದಾಳಿ ಇರಬಹುದು ಅಂತ ಮೊದಲು ಅನುಮಾನ ಇತ್ತು. ಸೆಪ್ಟೆಂಬರ್ 6ರಂದು ಕಂಪನಿಯೇ ಕಾರಣ ತಿಳಿಸಿತು. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಆಗಸ್ಟ್ 27ರಂದು ಮಾಮೂಲಿ ನಿರ್ವಹಣೆ ನಡೆದಿತ್ತು. ಆಗ ಡೇಟಾಬೇಸ್‌ನಲ್ಲಿ ಕೂಡಿಬಿದ್ದಿದ್ದ ಮಾಹಿತಿ ಅಳಿಸಿ ಜೋಡಿಸುವಾಗ ಡಿಸ್ಕ್‌ನಲ್ಲಿ ಜಾಗ ಸಾಲದೆ ಇಡೀ ವ್ಯವಸ್ಥೆ ನಿಂತಿತು. ಬದಲಿ ಸರ್ವರ್ ಕೂಡ ಅದೇ ವ್ಯವಸ್ಥೆಯಲ್ಲಿ ಓಡುತ್ತಿದ್ದುದರಿಂದ ಅಲ್ಲಿಗೂ ಹೋಗಲು ಆಗಲಿಲ್ಲ.

ಇದರಲ್ಲಿ ನಮಗೆ ಬೇಕಾದ ಮಾತು ಒಂದಿದೆ. ಕ್ಲೀನ್ ಮಾಡೋದಕ್ಕೂ ಖಾಲಿ ಜಾಗ ಬೇಕು. ಡಿಸ್ಕ್ ಪೂರ್ತಿ ತುಂಬಿದ ಮೇಲೆ ಕೈ ಹಾಕಿದರೆ ತಡವಾಯ್ತು. ಐದರಲ್ಲಿ ಒಂದು ಭಾಗ ಯಾವಾಗಲೂ ಖಾಲಿ ಇರಲಿ ಅಂತ ಲೆಕ್ಕ ಇಟ್ಟುಕೊಳ್ಳಿ.

ತುಂಬೋದು ಯಾವುದರಿಂದ?

ಮಾಲೀಕರನ್ನ ಕೇಳಿದರೆ "ಹುಡುಗ್ರು ಸಿನಿಮಾ ಹಾಕಿಟ್ಟಿರ್ತಾರೆ" ಅಂತಾರೆ. ಸಿನಿಮಾ ಇರುತ್ತೆ, ಇಲ್ಲ ಅಂತಲ್ಲ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯ ವಿಡಿಯೋ, ಎಳ್ಳಮಾವಾಸ್ಯೆ ಜಾತ್ರೆಯ ಫೋಟೋ, ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್, ಮಗಳ ಶಾಲಾ ವಾರ್ಷಿಕೋತ್ಸವ ಎಲ್ಲವೂ ಇರುತ್ತವೆ. ಫೋನ್ ತುಂಬಿದಾಗ ಆಫೀಸ್ ಸರ್ವರ್‌ಗೆ ಸುರಿಯೋದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ದೊಡ್ಡ ಪಾಲು ಆಫೀಸಿನ ಕೆಲಸದ್ದೇ ಇರೋದು ಅಪರೂಪವೇನಲ್ಲ.

ಸ್ಕ್ಯಾನ್ ವಿಷಯವನ್ನೇ ತಗೊಳ್ಳಿ. ಎ4 ಹಾಳೆಯನ್ನ 300 ಡಿಪಿಐನಲ್ಲಿ ಕಲರ್ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮೊದಲು ಅದು ಸುಮಾರು 26 ಎಂಬಿ. ಅದೇ ಹಾಳೆ ಬರೀ ಕಪ್ಪು-ಬಿಳುಪಿನಲ್ಲಿ ಸುಮಾರು 1 ಎಂಬಿ. ಪಿಡಿಎಫ್ ಮಾಡಿದಾಗ ಎರಡೂ ಕುಗ್ಗುತ್ತವೆ, ಆದ್ರೂ ಅಂತರ ಉಳಿಯುತ್ತೆ. 600 ಡಿಪಿಐ ಇಟ್ಟರೆ ನಾಲ್ಕು ಪಟ್ಟು. ಪಹಣಿ, ರಶೀದಿ, ಬಿಲ್ಲು ಇವಕ್ಕೆ ಕಲರ್ ಯಾಕೆ ಬೇಕು? ಯಾರೂ ಬೇಕು ಅಂತ ಇಟ್ಟಿದ್ದಲ್ಲ. ಸ್ಕ್ಯಾನರ್ ತಂದ ದಿನ ಹೇಗಿತ್ತೋ ಹಾಗೇ ನಡೆದಿದೆ, ಅಷ್ಟೆ.

ಸಿಸಿಟಿವಿ ಇನ್ನೊಂದು. 2 ಎಂಬಿಪಿಎಸ್ ವೇಗದಲ್ಲಿ ರೆಕಾರ್ಡ್ ಆಗುವ ಒಂದು ಕ್ಯಾಮೆರಾ ದಿನಕ್ಕೆ 21 ಜಿಬಿಗೂ ಹೆಚ್ಚು ತಿನ್ನುತ್ತೆ. ನಾಲ್ಕು ಕ್ಯಾಮೆರಾದ ಹತ್ತು ದಿನದ ವಿಡಿಯೋ "ಇರಲಿ" ಅಂತ ಸರ್ವರ್‌ಗೆ ಕಾಪಿ ಮಾಡಿದರೆ 860 ಜಿಬಿ. ಅಲ್ಲಿಗೆ 1 ಟಿಬಿ ಡಿಸ್ಕ್ ಮುಗೀತು. (1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸುತ್ತೆ. ಎಣಿಸುವ ಲೆಕ್ಕ ಬೇರೆ ಅಷ್ಟೆ, ಅಂಗಡಿಯವರು ಮೋಸ ಮಾಡಿಲ್ಲ.)

ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನೋದು ನಕಲುಗಳು. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’, ‘ಸರ್ ನೋಡಿದ್ದು’. ಟ್ಯಾಲಿ ಬ್ಯಾಕಪ್ ಅಂತೂ ಪ್ರತಿಯೊಬ್ಬರೂ ತಮ್ಮ ಫೋಲ್ಡರ್‌ನಲ್ಲಿ ದಿನಕ್ಕೊಂದು ಇಟ್ಟುಕೊಂಡಿರ್ತಾರೆ.

ಯಾಕೆ ಇಟ್ಟುಕೊಳ್ತಾರೆ?

ಸೋಮಾರಿತನ ಅಂತ ಬೈಯೋದು ಸುಲಭ. ನಿಜವಾದ ಕಾರಣ ಹೆದರಿಕೆ. "ಮೂರು ವರ್ಷದ ಹಿಂದಿನ ಆ ಪತ್ರ ಎಲ್ಲಿ?" ಅಂತ ಒಂದು ದಿನ ಕೇಳ್ತಾರೆ, ಇಲ್ಲ ಅಂದ್ರೆ ನನ್ನ ತಲೆಗೆ ಬರುತ್ತೆ. ಅಸಲು ಪ್ರತಿ ಯಾರ ಹತ್ರ ಇದೆ ಅಂತ ಯಾರೂ ಹೇಳಿಲ್ಲದ ಆಫೀಸಿನಲ್ಲಿ ಎಲ್ಲರೂ ಒಂದೊಂದು ಪ್ರತಿ ಇಟ್ಟುಕೊಳ್ಳೋದು ಬುದ್ಧಿವಂತಿಕೆಯೇ.

ನಾನು ಹಿಂದೆ ಕೆಲಸಕ್ಕಿದ್ದ ಒಂದು ಕಡೆ ಮಾಲೀಕರು ಭಾನುವಾರ ಬಂದು ಕೂತು ‘ಹಳೇದು’ ಅಂತ ಹೆಸರಿದ್ದ ಫೋಲ್ಡರನ್ನ ಪೂರ್ತಿ ಅಳಿಸಿದರು. ಸೋಮವಾರ ನೋಡಿದರೆ ಗ್ರಾಹಕರ ಡಿಸೈನ್‌ಗಳ ಮೂಲ ಪ್ರತಿ ಅದರಲ್ಲೇ ಇತ್ತು. ಒಬ್ಬರ ಪೆನ್‌ಡ್ರೈವ್‌ನಲ್ಲಿ ಅರ್ಧ ಸಿಕ್ಕಿತು, ಉಳಿದಿದ್ದು ಹೋಯ್ತು. ಆಮೇಲೆ ಏನಾಯ್ತು ಅಂದ್ರೆ, ನಾವೆಲ್ಲ ಕದ್ದು ಮುಚ್ಚಿ ಎರಡೆರಡು ಕಾಪಿ ಇಡೋಕೆ ಶುರು ಮಾಡಿದ್ವಿ. ಆರು ತಿಂಗಳಲ್ಲಿ ಡಿಸ್ಕ್ ಮತ್ತೆ ಫುಲ್.

ಇಲ್ಲಿ ಒಂದು ತಾಂತ್ರಿಕ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ನಿಮ್ಮ ಕಂಪ್ಯೂಟರಿನ ಫೈಲ್ ಅಳಿಸಿದರೆ ಅದು ರೀಸೈಕಲ್ ಬಿನ್‌ಗೆ ಹೋಗುತ್ತೆ, ವಾಪಸ್ ತರಬಹುದು. ಆದರೆ ನಿಮ್ಮ ಸೀಟಿನಿಂದ ಸರ್ವರ್‌ನ ಶೇರ್ಡ್ ಫೋಲ್ಡರ್‌ನಲ್ಲಿ ಅಳಿಸಿದರೆ ಸಾಮಾನ್ಯವಾಗಿ ಬಿನ್‌ಗೆ ಬರೋದೇ ಇಲ್ಲ, ನೇರವಾಗಿ ಹೋಗುತ್ತೆ. ಎನ್‌ಎಎಸ್ ಡಬ್ಬಗಳಲ್ಲಿ ಬೇರೆಯದೇ ರೀಸೈಕಲ್ ಬಿನ್ ಇರುತ್ತೆ, ಅದನ್ನ ಆನ್ ಮಾಡಿರಬೇಕು. ಆನ್ ಮಾಡಿದ್ದರೆ ಅಳಿಸಿದ ಮೇಲೂ ಜಾಗ ಖಾಲಿ ಆಗಲ್ಲ, ಬಿನ್ ಕೂಡ ಖಾಲಿ ಮಾಡಬೇಕು. "ಅಷ್ಟೆಲ್ಲ ಡಿಲೀಟ್ ಮಾಡಿದೆ, ಜಾಗ ಮಾತ್ರ ಅಷ್ಟೇ ಇದೆ" ಅಂತ ತಲೆ ಕೆರೆದುಕೊಳ್ಳೋರಿಗೆ ಉತ್ತರ ಇದು.

ಮೊದಲು ನೋಡಿ, ಆಮೇಲೆ ಮಾತಾಡಿ

ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಸಣ್ಣ ತಂತ್ರಾಂಶಗಳಿವೆ. ವಿನ್‌ಡರ್‌ಸ್ಟ್ಯಾಟ್ ಅನ್ನೋದು ಉಚಿತ. ಟ್ರೀಸೈಜ್‌ನಲ್ಲೂ ಉಚಿತ ಆವೃತ್ತಿ ಇದೆ. ಓಡಿಸಿ, ಮೊದಲ ಇಪ್ಪತ್ತು ದೊಡ್ಡ ಫೋಲ್ಡರ್‌ಗಳ ಪಟ್ಟಿ ಬರೆದುಕೊಳ್ಳಿ. ಅಡಿಕೆ ರಾಶಿ ವಿಂಗಡಿಸುವಾಗ ಯಾರೂ ಒಂದೊಂದೇ ಅಡಿಕೆ ಎಣಿಸ್ತಾ ಕೂರಲ್ಲ. ಹಾಗೇ ಇಲ್ಲೂ ದೊಡ್ಡದನ್ನ ಹಿಡಿದರೆ ಸಾಕು.

ಪಟ್ಟಿ ಇಟ್ಟುಕೊಂಡು ಸಿಬ್ಬಂದಿಯನ್ನ ಕೂರಿಸಿ ಮಾತಾಡಿ. ಯಾರನ್ನೂ ಎಲ್ಲರೆದುರು ಎತ್ತಿ ಆಡಬೇಡಿ. ಯಾವ ದಾಖಲೆಯ ಅಸಲು ಪ್ರತಿ ಯಾವ ಫೋಲ್ಡರ್‌ನಲ್ಲಿ, ಅದಕ್ಕೆ ಜವಾಬ್ದಾರಿ ಯಾರು ಅನ್ನೋದನ್ನ ಅಲ್ಲೇ ತೀರ್ಮಾನ ಮಾಡಿ, ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬ್ಯಾಕಪ್ ಒಬ್ಬರ ಕೆಲಸ ಅಂತ ಆದ ದಿನ ಉಳಿದವರ ಟ್ಯಾಲಿ ಕಾಪಿಗಳಿಗೆ ಕಾರಣವೇ ಇರಲ್ಲ. ಮನೆಯ ಫೋಟೋ, ವಿಡಿಯೋಗಳಿಗೆ ಹದಿನೈದು ದಿನ ಗಡುವು ಕೊಡಿ, ಪೆನ್‌ಡ್ರೈವ್‌ಗೆ ತಗೊಂಡು ಹೋಗಲಿ. ಖಾಸಗಿ ಫೋಟೋ ತೆರೆದು ನೋಡುವ ಚಪಲ ಬೇಡ, ಅದರಲ್ಲೂ ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ. ಫೋಲ್ಡರ್ ಎಷ್ಟು ದೊಡ್ಡದು ಅನ್ನೋದಷ್ಟೇ ನಿಮಗೆ ಬೇಕಾದ ಮಾಹಿತಿ.

ಹಾಗಾದ್ರೆ ಯಾವುದನ್ನ ಅಳಿಸಬಾರದು? ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಇದೆ. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಅಂದ್ರೆ 2024-25ರ ಬಿಲ್ಲುಗಳನ್ನ, ವಾರ್ಷಿಕ ರಿಟರ್ನ್‌ಗೆ 2025ರ ಡಿಸೆಂಬರ್ 31 ಕೊನೇ ದಿನ ಅಂತ ಹಿಡಿದರೆ, 2031ರ ಡಿಸೆಂಬರ್ ಕೊನೆವರೆಗೆ ಕಾಪಾಡಬೇಕು. ಮೇಲ್ಮನವಿ, ತನಿಖೆ ನಡೀತಿದ್ದರೆ ಇನ್ನೂ ಹೆಚ್ಚು. ಖಾಸಗಿ ಕಂಪನಿ ಅಂತ ನೋಂದಣಿ ಆಗಿದ್ದರೆ 2013ರ ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕ ಎಂಟು ವರ್ಷ. ಸೊಸೈಟಿಗಳು ತಮ್ಮ ಲೆಕ್ಕ ಪರಿಶೋಧಕರನ್ನ ಕೇಳದೆ ಏನನ್ನೂ ಮುಟ್ಟಬಾರದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನ ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ತಂತ್ರಾಂಶಕ್ಕೆ ಹೋಗೋದು ವ್ಯವಹಾರದ ಲೆಕ್ಕ. ಸದಸ್ಯರು ಕೊಟ್ಟ ಅರ್ಜಿಯ ಸ್ಕ್ಯಾನ್, ಸಭೆಯ ಫೋಟೋ, ಪತ್ರ ವ್ಯವಹಾರ ಇವೆಲ್ಲ ಸಂಘದ ಡೆಸ್ಕ್‌ಟಾಪ್‌ನಲ್ಲೇ ಉಳಿಯುತ್ತೆ ಅನ್ನೋದು ನೆನಪಿರಲಿ.

ಇದರ ತದ್ವಿರುದ್ಧ ಆಧಾರ್ ಪ್ರತಿಗಳದ್ದು. ಗ್ರಾಹಕರ ಆಧಾರ್, ಪಾನ್, ಪಾಸ್‌ಬುಕ್ ಸ್ಕ್ಯಾನ್ ವರ್ಷಗಟ್ಟಲೆ ಎಲ್ಲರಿಗೂ ಕಾಣುವ ಫೋಲ್ಡರ್‌ನಲ್ಲಿ ಬಿದ್ದಿರೋದು ಜಾಗದ ಪ್ರಶ್ನೆಗಿಂತ ದೊಡ್ಡ ಅಪಾಯ. ಕೆಲಸ ಮುಗಿದಿದ್ದರೆ, ಕಾನೂನು ಇಟ್ಟಿರಬೇಕು ಅಂತ ಹೇಳದಿದ್ದರೆ, ಅಳಿಸಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತೆ, ಹೆಚ್ಚಿನ ಕೆಲಸಕ್ಕೆ ಅದೇ ಸಾಕು.

ಎಲ್ಲರೂ ‘ಅಡ್ಮಿನ್’ ಆದರೆ ಮಿತಿ ಹಾಕೋಕಾಗಲ್ಲ

ಒಬ್ಬೊಬ್ಬರಿಗೆ ಇಂತಿಷ್ಟೇ ಜಾಗ ಅಂತ ಮಿತಿ ಹಾಕಬಹುದು, ಇದಕ್ಕೆ ಕೋಟಾ ಅಂತಾರೆ. ವಿಂಡೋಸ್ ಡ್ರೈವ್‌ನ ಪ್ರಾಪರ್ಟೀಸ್‌ನಲ್ಲೇ ಇದೆ, ಎನ್‌ಎಎಸ್‌ಗಳಲ್ಲೂ ಇದೆ. ಆದರೆ ವಿಂಡೋಸ್ ಎಣಿಸೋದು ಫೈಲ್ ಯಾರ ಹೆಸರಲ್ಲಿದೆ ಅನ್ನೋದನ್ನ. ನಮ್ಮ ಅಂಗಡಿಗಳಲ್ಲಿ ಎಲ್ಲರೂ ಒಂದೇ ‘ಅಡ್ಮಿನ್’ ಹೆಸರು, ಒಂದೇ ಪಾಸ್‌ವರ್ಡ್‌ನಲ್ಲಿ ಕೂರ್ತಾರೆ. ಹಾಗಿದ್ದರೆ ಕೋಟಾ ಕೆಲಸವೇ ಮಾಡಲ್ಲ. ಮೊದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಸಿ. ಶುರುವಿನಲ್ಲಿ ಎಚ್ಚರಿಕೆ ಮಾತ್ರ ಬರುವ ಹಾಗೆ ಇಡಿ. ಕಟ್ಟುನಿಟ್ಟಿನ ಮಿತಿ ಹಾಕಿದರೆ ಗ್ರಾಹಕರು ಎದುರಿಗೆ ನಿಂತಿರುವಾಗಲೇ ಫೈಲ್ ಸೇವ್ ಆಗದೆ ಹೋಗಬಹುದು.

ಕೋಟಾಕ್ಕಿಂತ ನನಗೆ ಮುಖ್ಯ ಅನ್ನಿಸೋದು ಬೇರೆ. ಬಿಲ್ಲಿಂಗ್ ತಂತ್ರಾಂಶ, ಟ್ಯಾಲಿ ಇವು ಒಂದು ಡಿಸ್ಕ್‌ನಲ್ಲಿ, ಶೇರ್ಡ್ ಫೋಲ್ಡರ್ ಇನ್ನೊಂದು ಡಿಸ್ಕ್‌ನಲ್ಲಿ ಇರಲಿ. ಎರಡು ಡಿಸ್ಕ್ ಆಗದಿದ್ದರೆ ಕನಿಷ್ಠ ಸಿ, ಡಿ ಅಂತ ಬೇರೆ ಭಾಗ ಮಾಡಿಸಿ. ಆಗ ಫೋಟೋ ತುಂಬಿದರೂ ಪಟ್ಟಿ ನಿಲ್ಲಲ್ಲ.

ಹಳೇ ಫೈಲುಗಳನ್ನ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಸಾಗಿಸುವಾಗ ಕಟ್-ಪೇಸ್ಟ್ ಮಾಡಬೇಡಿ. ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಅರ್ಧ ಸಾಗಿದಾಗ ನಿಂತರೆ ಯಾವುದು ಅಲ್ಲಿ, ಯಾವುದು ಇಲ್ಲಿ ಅಂತ ಹುಡುಕೋದೇ ಕೆಲಸ ಆಗುತ್ತೆ. ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ಪರೀಕ್ಷಿಸಿ, ಆಮೇಲೆ ಅಳಿಸಿ. ಆ ಡಿಸ್ಕ್ ಅನ್ನ ಕೇಬಲ್ ಬಿಚ್ಚಿ ಬೀರುವಿನಲ್ಲಿಡಿ. ಸಿಡಿಲಿಗೆ ಸರ್ವರ್ ಸುಟ್ಟರೆ ಪಕ್ಕದಲ್ಲೇ ಸಿಕ್ಕಿಸಿದ್ದ ಬ್ಯಾಕಪ್ಪೂ ಸುಡಬಹುದು. ಇದೊಂದೇ ಪ್ರತಿ ಆಗಿದ್ದರೆ ಅದು ಬ್ಯಾಕಪ್ ಅಲ್ಲ. ಮುಖ್ಯ ಲೆಕ್ಕಪತ್ರದ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ, ಮಾಲೀಕರ ಮನೆಯಲ್ಲಾದರೂ ಇರಲಿ.

"ಎಲ್ಲಾ ಗೂಗಲ್‌ಗೆ ಹಾಕಿಬಿಟ್ಟರೆ ಆಯ್ತಲ್ಲ" ಅನ್ನೋರಿದ್ದಾರೆ. ಗೂಗಲ್ ಫೋಟೋಸ್‌ನಲ್ಲಿ ಮಿತಿ ಇಲ್ಲದೆ ಇಡುವ ಕಾಲ 2021ರ ಜೂನ್ 1ಕ್ಕೆ ಮುಗೀತು. ಈಗ ಉಚಿತ 15 ಜಿಬಿಯನ್ನ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ, ತುಂಬಿದರೆ ಮೇಲ್ ಬರೋದೂ ನಿಲ್ಲುತ್ತೆ. ದುಡ್ಡು ಕೊಟ್ಟು ಜಾಗ ತಗೊಂಡರೂ 500 ಜಿಬಿಯನ್ನ 10 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಳಿಸೋಕೆ ನಾಲ್ಕೂವರೆ ದಿನ ಹಗಲು-ರಾತ್ರಿ ಬೇಕು, ಅದೂ ನೆಟ್ ಒಮ್ಮೆಯೂ ಹೋಗದಿದ್ದರೆ. ಲೆಕ್ಕದ ಫೈಲು, ಮುಖ್ಯ ಪತ್ರ ಅಲ್ಲಿಗೆ ಹೋಗಲಿ. ಸ್ಟುಡಿಯೋದವರ ಮದುವೆ ವಿಡಿಯೋ ಡಿಸ್ಕ್‌ನಲ್ಲೇ ಇರಬೇಕಾಗುತ್ತೆ.

ಇಷ್ಟೆಲ್ಲ ಆದ ಮೇಲೂ ಜಾಗ ಸಾಲದಿದ್ದರೆ ಹೊಸ ಡಿಸ್ಕ್ ತನ್ನಿ, ತಪ್ಪೇನಿಲ್ಲ. ಸ್ಟುಡಿಯೋ, ಡಿಟಿಪಿಯವರಿಗೆ ಅದು ಕಚ್ಚಾ ಸಾಮಗ್ರಿ ಇದ್ದ ಹಾಗೆ, ಕೊಳ್ಳಲೇಬೇಕು. ಉಳಿದವರು ಮೊದಲು ಸ್ಕ್ಯಾನರ್‌ನ ಸೆಟ್ಟಿಂಗ್ ಕಲರ್‌ನಿಂದ ಕಪ್ಪು-ಬಿಳುಪಿಗೆ ಬದಲಾಯಿಸಿ ಒಂದು ತಿಂಗಳು ನೋಡಿ.