ಗಾಳದ ಕೋಲು ಬಾಗದಿರಲಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಹೊಳೆಬದಿಯ ಎಷ್ಟೋ ಮನೆಗಳ ಸಾರಿಗೆ ಮೀನು ಸಿಗುವುದು ಗಾಳದಿಂದ. ಆದರೆ ಆ ಕೋಲನ್ನು ನಾವು ನೋಡಿಕೊಳ್ಳುವುದು ಹೇಗೆ? ಬಂದವರೇ ಒದ್ದೆ ಬಿದಿರನ್ನು ಗೋಡೆಗೆ ಒರಗಿಸಿ ಬಿಡುತ್ತೇವೆ. ತನ್ನ ಭಾರಕ್ಕೇ ಅದರ ನಡು ಬಾಗಿ, ಒಣಗುವಾಗ ಹಾಗೆಯೇ ನಿಂತುಬಿಡುತ್ತದೆ.

ಗಾಳವನ್ನು ಬುಡಕ್ಕೆ ಸಿಕ್ಕಿಸಿ ದಾರ ಬಿಗಿದಿಡಬೇಡಿ, ತುದಿ ಬಾಗುವುದು ಅದರಿಂದಲೇ. ಉಪ್ಪುನೀರು ತಾಗಿದ್ದರೆ ಸಿಹಿನೀರಲ್ಲಿ ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಿ. ಆಮೇಲೆ ಮಾಡಿನ ಕೆಳಗೆ ಅಡ್ಡಕ್ಕೆ, ಮೂರ್ನಾಲ್ಕು ಕಡೆ ಆಧಾರ ಕೊಟ್ಟು ಇಡಿ. ಎರಡೇ ಮೊಳೆ ಸಾಲದು, ನಡು ಜೋತುಬೀಳುತ್ತದೆ. ಜಾಗವಿಲ್ಲದವರು ತುದಿಗೆ ಹಗ್ಗ ಕಟ್ಟಿ ನೇರ ತೂಗುಹಾಕಬಹುದು.

ಬಾಗಿದ ಕೋಲನ್ನು ಒಲೆಗೆ ಹಾಕಬೇಡಿ. ಬಾಗಿದ ಜಾಗವನ್ನು ಕೆಂಡದ ಮೇಲೆ ತಿರುಗಿಸುತ್ತಾ ಬಿಸಿ ಮಾಡಿ, ನಿಧಾನ ಎದುರು ದಿಕ್ಕಿಗೆ ಒತ್ತಿ, ತಣಿಯುವವರೆಗೂ ಹಿಡಿದುಕೊಳ್ಳಿ. ಅವಸರ ಮಾಡಿದರೆ ಚಟ್ಟನೆ ಮುರಿಯುತ್ತದೆ. ನಾವೂ ಒಂದೆರಡು ಮುರಿದದ್ದುಂಟು. ಅಂಗಡಿಯಿಂದ ತಂದ ಫೈಬರ್ ಕೋಲಿಗೆ ಮಾತ್ರ ಈ ಬೆಂಕಿಯ ಕೆಲಸ ಬೇಡವೇ ಬೇಡ.